ಅವ್ವ ಒಡ್ಡಿದ ಸೆರಗು

ಬನಹಟ್ಟಿಯಲ್ಲಿ ನಾವು ಕಲಿತ ಶಾಲೆಯ ಹಳೆಯ ವಿದ್ಯಾರ್ಥಿಗಳ ಸ್ನೇಹ ಸಮ್ಮಿಲನ. ಈಗ ಜಮಖಂಡಿಯಲ್ಲಿ ಲೆಕ್ಚರರ್ ಆಗಿರುವ ನನ್ನ ಗೆಳೆಯ ಮೈಕ್ ಹಿಡಿದು, "ಕಲಿತ ಸಾಲಿಗೆ ಆಲ್ಮಾ ಮೇಟರ್ ಅಂತಾರ್ರಿ. ಲ್ಯಾಟಿನ್ ಮಾತದು. ಮೇಟರ್ ಅಂದ್ರ ತಾಯಿ, ಆಲ್ಮಾ ಅಂದ್ರ ಉಣಿಸಿ ಬೆಳೆಸೂವಾಕಿ" ಎಂದ. ಚಪ್ಪಾಳೆಯೋ ಚಪ್ಪಾಳೆ. ಅದರ ನೆನಪಿಗೆ ನಮ್ಮೆಲ್ಲರ ತಾಯಂದಿರಿಗೂ ಉಡಿ ತುಂಬುತ್ತೇವೆಂದು ಸಾರಿದ.

ತಾಯಂದಿರು ಸಾಲಾಗಿ ಕುಳಿತರು. ಅವನ ಹೆಂಡತಿ ಒಬ್ಬೊಬ್ಬರ ಸೆರಗಿಗೆ ಖಣ, ಕಾಯಿ, ಅಕ್ಕಿ ಹಾಕುತ್ತ ಬಂದಳು. ಮೈಕಿನ ಮಾತು ನಂಬಿ ನಮ್ಮವ್ವನೂ ಸೆರಗು ಒಡ್ಡಿದ್ದಳು. ಅವನು ಓಡಿ ಬಂದು ಹೆಂಡತಿಯ ಕೈ ತಡೆದ.

"ಕಾಕು, ನಿಮಗ ಬ್ಯಾಡ್ರಿ. ಇದು ಮುತ್ತೈದೇರಿಗೆ ಅಷ್ಟ."

ಅಪ್ಪ ಸತ್ತ ಮೇಲೆ ಮಂದಿಯ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ನನ್ನನ್ನು ಸಾಕಿದವಳು ಅವ್ವ. ಶಾಲೆ ಬಿಟ್ಟೊಡನೆ ನಮ್ಮ ಮನೆಗೇ ಬಂದು ಅವಳ ಕೈಯ ರೊಟ್ಟಿ ತಿಂದು ಬೆಳೆದವನು ಇವನು. ನನಗೆ ಹೇಸಿಗೆಯಾಯಿತು. ಅವನ ಲ್ಯಾಟಿನ್ ಮೇಲೆ ಉಗುಳಬೇಕೆನಿಸಿತು. ಅವ್ವ ಒಡ್ಡಿದ ಸೆರಗನ್ನು ಹೊದ್ದುಕೊಂಡಳು.

ಊಟದ ಹೊತ್ತಿಗೆ ಅದೇ ಮಹಾಶಯ ತಾಟು ಹಿಡಿದು ಹಲ್ಲು ಕಿರಿಯುತ್ತ ಬಂದ. "ಕಾಕು, ನಿಮ್ಮ ಕೈಯಾನ ಶೇಂಗಾ ಚಟ್ನಿ ತಂದೀರೇನ್ರಿ?"

ತಂದಿದ್ದಳು. ಆ ಸೆರಗಿಗೇ ಕೈ ಒರೆಸಿಕೊಂಡು ಅವನಿಗೆ ಬಡಿಸಿದಳು.