ಟ್ರೈಲರಿನಲ್ಲಿ ಕೇಳಿದ ‘ನಕ್ಕೋ’

ಸಿನಿಮಾ ನೋಡುವುದಕ್ಕಿಂತ ಟ್ರೈಲರ್ ನೋಡುವುದರಲ್ಲೇ ನನಗೆ ಹೆಚ್ಚು ಸುಖ. ಸಿನಿಮಾ ಬಂದ ಮೇಲೆ ಅದು ಚೆನ್ನಾಗಿರಬಹುದು, ಹಾಳಾಗಿರಬಹುದು. ಟ್ರೈಲರಿನ ಎರಡು ನಿಮಿಷದಲ್ಲಿ ಮಾತ್ರ ಎಲ್ಲ ಸಿನಿಮಾಗಳೂ ಚೆನ್ನಾಗಿಯೇ ಇರುತ್ತವೆ. ಪುಲಿಕೇಶಿನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಕನ್ನಡ ಟೀಚರ್. ಹೊಸ ಟ್ರೈಲರ್ ಬಂದ ದಿನ ಸಂಜೆ ಮನೆಗೆ ಓಡಿ ಬಂದು, ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿ, ಅಕ್ಕಿ ಡಬ್ಬಕ್ಕೆ ಫೋನು ಒರಗಿಸಿ, ನೋಡುವಾಗಿನ ನನ್ನ ಮುಖವನ್ನೂ ಕೂಗಾಟವನ್ನೂ ರೆಕಾರ್ಡ್ ಮಾಡಿ ನನ್ನ ಚಾನೆಲ್ಲಿಗೆ ಹಾಕುತ್ತೇನೆ.

ನೋಡುವವರು ಬಹಳ ಮಂದಿಯೇನಲ್ಲ. ಆದರೆ ಅವರಲ್ಲಿ ನನ್ನ ವಿದ್ಯಾರ್ಥಿನಿಯರಿದ್ದಾರೆ, ಅವರ ತಾಯಂದಿರಿದ್ದಾರೆ, ನಮ್ಮ ಶಾಲೆಯ ಪಿ.ಟಿ. ಮಾಸ್ತರಿದ್ದಾರೆ. ಮಾಸ್ತರು ಗರುಡಾಚಾರ್‌ಪಾಳ್ಯದವರು. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಗಾಜಿನ ಆಫೀಸು ನಿಂತಿದೆ. ಅವರು ಅಲ್ಲಿನ ಅಭಿಮಾನಿ ಸಂಘದ ಅಧ್ಯಕ್ಷರೂ ಹೌದು. ನಮ್ಮಿಬ್ಬರಿಗೂ ಒಬ್ಬನೇ ಹೀರೋ.

ನನ್ನ ಮನೆಮಾತು ದಖನಿ ಉರ್ದು. ಕನ್ನಡ ಟೀಚರ್ ಎಂದು ಹೇಳಿಕೊಂಡಾಗಲೆಲ್ಲ “ಓ, ನಿಮ್ಮಲ್ಲಿ ಕನ್ನಡ ಮಾತಾಡ್ತೀರಾ?” ಎಂದು ಹುಬ್ಬೇರಿಸುವವರಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಹಳಗನ್ನಡ ಓದಿ ಎಂ.ಎ. ಮಾಡಿದವಳು ನಾನು. ‘ಳ’ ಎನ್ನಬೇಕಾದಲ್ಲಿ ‘ಲ’ ಎಂದ ಹುಡುಗಿಯರನ್ನು ನಿಲ್ಲಿಸಿ ಹತ್ತು ಸಲ ಹೇಳಿಸುವವಳು. ಕನ್ನಡದ ವಿಷಯದಲ್ಲಿ ಯಾರಾದರೂ ನನ್ನತ್ತ ಬೆರಳು ತೋರಿಸಿದರೆ ಮೈ ಉರಿದುಹೋಗುತ್ತದೆ.

ಈ ವರ್ಷ ನಮ್ಮ ಹೀರೋನ ಟ್ರೈಲರ್ ಬಂತು. ಶಿವಾಜಿನಗರದ ಗಲ್ಲಿಗಳ ಕತೆ. ನಡುವೆ ಒಂದು ದೃಶ್ಯ: ಹೀರೋ ಕಬ್ಬಿಣದ ರಾಡು ಎತ್ತಿ ನಿಂತಿದ್ದಾನೆ. ಎದುರಿನ ಬಾಗಿಲಲ್ಲಿ ಒಬ್ಬ ಮುದುಕಿ, ಅರ್ಧ ಮುಖ ನೆರಳಿನಲ್ಲಿ. ಅವಳು ಕೈ ಎತ್ತಿ ಒಂದೇ ಮಾತು ಹೇಳುತ್ತಾಳೆ: “ನಕ್ಕೋ!” ತಕ್ಷಣ ಗಾಜು ಒಡೆಯುತ್ತದೆ, ತಮಟೆ ಶುರುವಾಗುತ್ತದೆ, ಸಿನಿಮಾದ ಹೆಸರು ಬೀಳುತ್ತದೆ.

ನಾನು ಕುರ್ಚಿಯಿಂದ ಜಿಗಿದೆ. “ಈಗ ನಕ್ಕೋ, ಆಮೇಲೆ ಅಳೋದು ಇದ್ದೇ ಇದೆ ಅಂತ ಸವಾಲು ಹಾಕ್ತಿದಾಳೆ! ಇವಳೇ ವಿಲನ್ನು, ಬರ್ದಿಟ್ಕೊಳ್ಳಿ!” ಎಂದು ಕಿರುಚಿದೆ. ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಟೀಚರ್ ಚಾಳಿ ಬಿಡಬೇಕಲ್ಲ! ‘ನಗು’ ಧಾತುವಿಗೆ ‘ಕೊಳ್ಳು’ ಸೇರಿ ‘ನಕ್ಕೋ’ ಹೇಗಾಯಿತು ಎಂದು ಟ್ರೈಲರಿಗಿಂತ ಉದ್ದದ ವ್ಯಾಕರಣ ಪಾಠ ಮಾಡಿದೆ.

ಎಲ್ಲರಿಗೂ ಕೇಳಿಸಿದ್ದು ಅದೇ. ಎರಡು ದಿನ ಕಳೆಯುವಷ್ಟರಲ್ಲಿ ಹಲಸೂರಿನ ಆಟೋವೊಂದರ ಹಿಂದೆ ‘ನಕ್ಕೋ ಮಗಾ’ ಕಾಣಿಸಿತು. ಪಿ.ಟಿ. ಮಾಸ್ತರು ಸಂಘದವರಿಗೆಲ್ಲ ‘ನಕ್ಕೋ!’ ಎಂದು ದಪ್ಪಕ್ಷರದಲ್ಲಿ ಬರೆಸಿದ ಕೆಂಪು ಟೀ ಶರ್ಟ್ ಮಾಡಿಸಿದರು. ನನ್ನ ವ್ಯಾಕರಣ ಪಾಠವನ್ನು ಜನ ಹೊಗಳಿದ್ದೇ ಹೊಗಳಿದ್ದು. ನಾನೂ ಉಬ್ಬಿಹೋಗಿದ್ದೆ.

ಮೂರನೆಯ ದಿನ ಅದೇ ಟ್ರೈಲರನ್ನು ಮತ್ತೆ ಹಾಕಿದ್ದೆ. ಅಮ್ಮಿ ಅಡುಗೆಮನೆಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಅಲ್ಲಿಂದ ಅವಳಿಗೆ ಪರದೆ ಕಾಣುವುದಿಲ್ಲ, ಮಾತು ಮಾತ್ರ ಕೇಳುತ್ತದೆ. ಮುದುಕಿಯ ಕೂಗು ಬಂದದ್ದೇ ಅಮ್ಮಿ ಕತ್ತೆತ್ತಿ, “ಕಿಸ್ಕು ನಕ್ಕೋ ಬೋಲ್‌ರೈಂ?” ಎಂದಳು. ಯಾರಿಗೆ ಬೇಡ ಅಂತಿದಾರೆ ಎಂದು ಕೇಳಿದ್ದಳು.

ನಾನು ತಟ್ಟನೆ ಟ್ರೈಲರ್ ನಿಲ್ಲಿಸಿದೆ. ನಮ್ಮ ದಖನಿಯಲ್ಲಿ ನಕ್ಕೋ ಎಂದರೆ ಬೇಡ. ಹುಟ್ಟಿದಾಗಿನಿಂದ ನನ್ನ ಬೆನ್ನು ಹತ್ತಿದ ಮಾತು. ಬಿಸಿಲಲ್ಲಿ ಆಟ ನಕ್ಕೋ, ಒದ್ದೆ ತಲೆಯಲ್ಲಿ ಮಲಗುವುದು ನಕ್ಕೋ, ಪರೀಕ್ಷೆಯ ಹಿಂದಿನ ದಿನ ಸಿನಿಮಾ ನಕ್ಕೋ. ಅಂಥ ಮಾತಿಗೆ ನಾನು ಕನ್ನಡದ ಧಾತು ಹುಡುಕಿ ಪಾಠ ಮಾಡಿದ್ದೆ! ಕನ್ನಡದವಳೆಂದು ತೋರಿಸಿಕೊಳ್ಳುವ ಆತುರದಲ್ಲಿ ಅಮ್ಮಿಯ ಮಾತೇ ನನಗೆ ಕೇಳಿಸಿರಲಿಲ್ಲ. ತುಂಬ ನಾಚಿಕೆಯಾಯಿತು. ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮುದುಕಿಯ ಅಂಗೈ ಕೆಳಮುಖವಾಗಿತ್ತು. ಸವಾಲು ಹಾಕುವವರು ಕೈಯನ್ನು ಹಾಗೆ ಹಿಡಿಯುವುದಿಲ್ಲ.

ಅವತ್ತೇ ಎರಡನೆಯ ವಿಡಿಯೋ ಹಾಕಿದೆ. “ನಾನು ಮಾಡಿದ ಪಾಠ ತಪ್ಪು. ಅದು ನಗೋ ನಕ್ಕೋ ಅಲ್ಲ, ನಮ್ಮನೆ ನಕ್ಕೋ. ಹೊಡೀಬೇಡ ಅಂತಿದಾರೆ. ಆಕೆ ವಿಲನ್ ಅಲ್ಲ, ಅವನನ್ನ ಸಾಕಿದವರೇ ಇರಬೇಕು,” ಎಂದೆ.

ಹೊಗಳಿದ ಬಾಯಿಗಳೆಲ್ಲ ತಿರುಗಿ ಬಿದ್ದವು. “ಕನ್ನಡ ಟೀಚರಂತೆ, ಕನ್ನಡ ಕೇಳಿದ್ರೆ ಅರ್ಥ ಆಗಲ್ವಂತೆ,” ಎಂದು ಒಬ್ಬ. “ಮನೆ ಭಾಷೆ ಕಿವಿಗೆ ಬಂತು ನೋಡ್ರಪ್ಪಾ,” ಎಂದು ಇನ್ನೊಬ್ಬ. ಮೊದಲನೆಯದನ್ನು ನುಂಗಿಕೊಂಡೆ. ಎರಡನೆಯದು ಗಂಟಲಲ್ಲೇ ಉಳಿಯಿತು.

ಸ್ಟಾಫ್ ರೂಮಿನಲ್ಲಿ ಪಿ.ಟಿ. ಮಾಸ್ತರು ಹಿಡಿದು ನಿಲ್ಲಿಸಿದರು. “ಏನ್ ಮೇಡಂ, ಟೀ ಶರ್ಟ್ ಮಾಡ್ಸಾದ್ಮೇಲೆ ಹಿಂಗಂದ್ರೆ ಹೆಂಗೆ? ನಿಮ್ ಪಾಠ ಕೇಳೇ ಮಾಡ್ಸಿದ್ದು.”

“ಆ ಪಾಠ ತಪ್ಪು ಸರ್.”

“ಆಯಮ್ಮ ವಿಲನ್ನೇ ಮೇಡಂ. ಅಲ್ಲಾಂದ್ರೆ ಅಸೆಂಬ್ಲಿಲಿ ಮೈಕ್ ಹಿಡ್ದು ಸೋತೆ ಅಂತೀನಿ. ವಿಲನ್ ಆದ್ರೆ ನೀವೇನ್ ಮಾಡ್ತೀರಾ?”

“ಚಾನೆಲ್ ಮುಚ್ತೀನಿ,” ಎಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ಹಾಗೇ, ತಲೆಗಿಂತ ಮುಂದೆ ಓಡುತ್ತದೆ. ಚಾನೆಲ್ ಹೋದರೆ ಹೋಗಲಿ ಎಂದುಕೊಳ್ಳಬಹುದಿತ್ತು. ಆದರೆ ಒಂದೇ ಮಾತಿಗೆ ಎರಡು ಅರ್ಥ ಹೇಳಿ ಎರಡೂ ತಪ್ಪಾದರೆ, ನಾಳೆ ತರಗತಿಯಲ್ಲಿ ನಾನು ಹೇಳುವ ಅರ್ಥವನ್ನು ಯಾವ ಹುಡುಗಿ ನಂಬುತ್ತಾಳೆ? ಬಿಡುಗಡೆಯ ತನಕ ಇದೇ ಭಯದಲ್ಲಿ ಕಳೆದೆ.

ಬಿಡುಗಡೆ ರಜೆಯ ದಿನವೇ ಬಂತು. ಹಲಸೂರಿನ ಹತ್ತಿರದ ಥಿಯೇಟರಿನಲ್ಲಿ ಬೆಳಗಿನ ಆಟ. ಅಮ್ಮಿ ಅದುವರೆಗೆ ಕನ್ನಡ ಸಿನಿಮಾಕ್ಕೆ ಬಂದವಳೇ ಅಲ್ಲ. ಅವತ್ತು ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನನಗಿಂತ ಮುಂಚೆ ನಿಂತಿದ್ದಳು. ಪರೀಕ್ಷೆಗೆ ಕೂತಿರುವುದು ತನ್ನ ಕಿವಿ, ಫಲಿತಾಂಶ ತಾನೇ ನೋಡಬೇಕು ಎಂದಳು. ಥಿಯೇಟರಿನ ಮುಂದೆ ತಮಟೆ, ಕಟೌಟಿಗೆ ಹಾರ. ಒಳಗೆ ನಮಗಿಂತ ಮೂರು ಸಾಲು ಮುಂದೆ ಕೆಂಪು ಟೀ ಶರ್ಟಿನ ಇಡೀ ಸಂಘ.

ಆ ದೃಶ್ಯ ಮಧ್ಯಂತರಕ್ಕೆ ಸ್ವಲ್ಪ ಮುಂಚೆ ಬಂತು. ಹೀರೋ ರಾಡು ಎತ್ತಿದ. ಬಾಗಿಲಲ್ಲಿ ಮುದುಕಿ ಕಾಣಿಸಿದಳು. ಅವಳು ಬಾಯಿ ತೆರೆಯುವ ಮೊದಲೇ ಇಡೀ ಥಿಯೇಟರ್ “ನಕ್ಕೋ!” ಎಂದು ಅಬ್ಬರಿಸಿತು. ನಾನು ಅಮ್ಮಿಯ ಕೈ ಹಿಡಿದುಕೊಂಡೆ.

“ನಕ್ಕೋ ಬೇಟಾ,” ಎಂದಳು ಮುದುಕಿ.

ಟ್ರೈಲರಿನಲ್ಲಿ ಆ ‘ಬೇಟಾ’ವನ್ನು ಕತ್ತರಿಸಿದ್ದರು. ಮುದುಕಿ ಹೊಸ್ತಿಲು ದಾಟಿ ಬಂದು ಅವನ ಮಣಿಕಟ್ಟು ಹಿಡಿದಳು, ರಾಡು ನೆಲಕ್ಕೆ ಬಿತ್ತು. ಥಿಯೇಟರ್ ಗಪ್‌ಚಿಪ್. ಆ ಮೌನದಲ್ಲಿ ಅಮ್ಮಿ ಎಲ್ಲರಿಗೂ ಕೇಳುವ ಹಾಗೆ, “ಮೈ ಬೋಲಿ ನಾ?” ಎಂದಳು. ನಾನು ಹೇಳಲಿಲ್ಲವಾ ಎಂದು! ಮೂರು ಸಾಲು ಮುಂದೆ ಪಿ.ಟಿ. ಮಾಸ್ತರು ಎದ್ದು ನಿಂತರು. ಹಿಂದೆ ತಿರುಗಿ, ಎರಡೂ ಕೈ ತಲೆಯ ಮೇಲೆ ಜೋಡಿಸಿ, “ಗೆದ್ಬಿಟ್ರಿ ಮೇಡಂ!” ಎಂದು ಕೂಗಿದರು. ನನಗೆ ಸಿಳ್ಳೆ ಹೊಡೆಯಲು ಬರುವುದಿಲ್ಲ. ಕೈ ಕೆಂಪಾಗುವಷ್ಟು ಚಪ್ಪಾಳೆ ಹೊಡೆದೆ. ಎಂ.ಎ. ಪಾಸಾದ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಮಧ್ಯಂತರದಲ್ಲಿ ಸಂಘದವರೆಲ್ಲ ಅಮ್ಮಿಯ ಸುತ್ತ ನೆರೆದರು. “ಅಮ್ಮಾ, ಕಿವಿ ಅಂದ್ರೆ ನಿಮ್ದು,” ಎಂದರು ಮಾಸ್ತರು. “ಕಿವಿ ಅಲ್ಲಪ್ಪ, ಮಕ್ಕಲ್ನ ಸಾಕಿದ್ರೆ ಗೊತ್ತಾಗ್ತದೆ,” ಎಂದಳು ಅಮ್ಮಿ ಮಾರ್ಕೆಟ್ಟಿನಲ್ಲಿ ಕಲಿತ ತನ್ನ ಕನ್ನಡದಲ್ಲಿ. ಆ ‘ಲ’ವನ್ನು ನಾನು ತಿದ್ದಲಿಲ್ಲ.

ಶಾಲೆ ತೆರೆದ ದಿನ ಅಸೆಂಬ್ಲಿಯಲ್ಲಿ ಮಾಸ್ತರು ಮೈಕ್ ಹಿಡಿದರು. “ಮಕ್ಕಳೇ, ನಾನು ಸೋತೆ. ನಿಮ್ ಕನ್ನಡ ಮಿಸ್ ಗೆದ್ರು,” ಎಂದು ಟ್ರ್ಯಾಕ್‌ಸೂಟಿನ ಜಿಪ್ ಇಳಿಸಿದರು. ಒಳಗೆ ಅದೇ ಕೆಂಪು ಟೀ ಶರ್ಟು. ‘ನಕ್ಕೋ!’ ಕೆಳಗೆ ಮಾರ್ಕರ್ ಪೆನ್ನಿನಲ್ಲಿ ಸೊಟ್ಟಗೆ ‘ಬೇಟಾ’ ಎಂದು ಬರೆದುಕೊಂಡಿದ್ದರು. ಹುಡುಗಿಯರ ಕೂಗು ರಸ್ತೆಯವರೆಗೂ ಕೇಳಿರಬೇಕು. ಮನೆ ಭಾಷೆ ಕಿವಿಗೆ ಬಂತು ಎಂದವನಿಗೆ ಆ ಸಂಜೆ ಉತ್ತರ ಬರೆದೆ: “ಹೌದು, ಬಂತು. ಅದಕ್ಕೇ ಕನ್ನಡ ಸಿನಿಮಾ ಅರ್ಥವಾಯಿತು.”

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಮಾಸ್ತರು ಮೆಲ್ಲಗೆ ಕೇಳಿದರು: “ಮೇಡಂ, ಆ ವ್ಯಾಕರಣದ ವಿಡಿಯೋ ಇನ್ನೂ ಹಂಗೇ ಇದೆ. ತೆಗೆದ್ಬಿಡೋದಲ್ವಾ?”

“ನಕ್ಕೋ ಸರ್,” ಎಂದೆ.

ಅವರು ಅರ್ಥ ಕೇಳಲಿಲ್ಲ. ಜೋರಾಗಿ ನಕ್ಕರು.