ಕಡಲಮುಳ್ಳಿಯ ಊಟವೂ ನನ್ನ ಒಂದೆಳೆ ಕೂದಲೂ

ಮಧ್ಯಾಹ್ನ ಹನ್ನೆರಡಾಗಿತ್ತು, ಕಿಟಕಿಯಾಚೆ ಕತ್ತಲೆ, ನನ್ನ ಅಂಗೈ ಮೇಲೆ ಮುಳ್ಳಿನ ಚೆಂಡೊಂದು ನಡೆಯುತ್ತಿತ್ತು. ಬೇಲದ ಹಣ್ಣಿನಷ್ಟು ಗಾತ್ರ, ಪಾಚಿಹಸಿರು ಬಣ್ಣ. ಮುಳ್ಳುಗಳ ಸಂದಿಯಿಂದ ದಾರದಂಥ ಕಾಲುಗಳು ಹೊರಬಂದು ನನ್ನ ಬೆರಳನ್ನು ಹಿಡಿಯುತ್ತಿದ್ದವು, ಬಿಡುತ್ತಿದ್ದವು. ಪಕ್ಕದಲ್ಲಿ ನಿಂತಿದ್ದ ಸೀಗ್ರಿಡ್, ನಮ್ಮ ಪ್ರಯೋಗಾಲಯದ ಹಿರಿಯ ತಂತ್ರಜ್ಞೆ, ನನ್ನ ಕೈಗೆ ಕತ್ತರಿ ಕೊಟ್ಟು, "ಬಾಯಿಯ ಸುತ್ತ ಕತ್ತರಿಸು. ಒಳಗಿನ ಸ್ನಾಯು ಬೇಕು" ಎಂದಳು. ನಾನು ಓದಿದ್ದು ಕಡಲಕಳೆಯ ಬಗ್ಗೆ. ಪ್ರಾಣಿಗಳನ್ನು ಗಾಜಿನ ಸೀಸೆಯೊಳಗೆ ಮಾತ್ರ ಕಂಡಿದ್ದೆ. ಅಂಗಿಯೊಳಗೆ ಕೊರಳಲ್ಲಿ ಲಿಂಗ ಇತ್ತು. ಅದು ಎದೆಗೆ ತಾಗಿದ್ದು ಆ ದಿನ ಗೊತ್ತಾದಷ್ಟು ಯಾವತ್ತೂ ಗೊತ್ತಾಗಿರಲಿಲ್ಲ.

ನಾರ್ವೆ ದೇಶದ ಉತ್ತರದ ತುದಿಯ ಟ್ರೋಮ್ಸೊ ಎಂಬ ಈ ಊರಿಗೆ ನಾನು ಬಂದು ಎರಡು ವರ್ಷ ದಾಟಿತು. ಮಧುಗಿರಿ ತಾಲ್ಲೂಕಿನ ಮಿಡಿಗೇಶಿಯವಳು ಧ್ರುವಸಮುದ್ರದ ಜೀವಿಯನ್ನು ಕತ್ತರಿಸುವುದಕ್ಕೆ ಹೋದದ್ದು ಯಾಕೆ ಎಂದು ಊರಲ್ಲಿ ಕೇಳುವವರಿದ್ದಾರೆ. ಸಮುದ್ರ ನೋಡದ ಊರಿನಲ್ಲಿ ಹುಟ್ಟಿದ ಚಪಲ ಎನ್ನಬಹುದು. ಕರಾವಳಿಯಲ್ಲಿ ಎಂ.ಎಸ್ಸಿ. ಮಾಡಿದೆ, ನಾಲ್ಕು ವರ್ಷ ಮನೆಯಲ್ಲಿದ್ದು ಮಧುಗಿರಿಯ ಕಾಲೇಜೊಂದರಲ್ಲಿ ಪಾಠ ಮಾಡಿದೆ, ಅರ್ಜಿ ಹಾಕುತ್ತಲೇ ಇದ್ದೆ, ಒಂದು ದಿನ ಕರೆ ಬಂತು.

ಇಲ್ಲಿಯ ಜನ ಆ ಮುಳ್ಳುಚೆಂಡನ್ನು 'ಕ್ರೋಕೆಬೊಲ್ಲೆ' ಎನ್ನುತ್ತಾರೆ, ಕಾಗೆಯ ಉಂಡೆ ಎಂದರ್ಥ. ನಾನು ನನ್ನಷ್ಟಕ್ಕೆ ಕಡಲಮುಳ್ಳಿ ಎಂದು ಹೆಸರಿಟ್ಟುಕೊಂಡಿದ್ದೇನೆ. ಚಳಿಗಾಲದಲ್ಲಿ ಸುಮಾರು ಎರಡು ತಿಂಗಳು ಇಲ್ಲಿ ಸೂರ್ಯ ಮೇಲೇಳುವುದೇ ಇಲ್ಲ. ಆ ಕಾಲವನ್ನು 'ಮೋರ್ಕೆತೀದ್' ಎನ್ನುತ್ತಾರೆ, ಕತ್ತಲಗಾಲ. ಬೆಳಕಿಲ್ಲದಿದ್ದರೆ ಕಡಲಕಳೆ ಬೆಳೆಯುವುದಿಲ್ಲ. ಹಾಗಾದರೆ ಕಳೆ ಮೇಯುವ ಕಡಲಮುಳ್ಳಿ ಆಗ ಏನು ತಿಂದು ಬದುಕುತ್ತದೆ? ಹಳೆಯ ಕಳೆಯ ಚೂರೇ, ತಳಕ್ಕೆ ಬಿದ್ದ ಸತ್ತ ಪ್ರಾಣಿಯೇ? ಇದೇ ನನ್ನ ಕೆಲಸ.

ಹೊಟ್ಟೆ ಸೀಳಿ ನೋಡಿದರೆ ನಿನ್ನೆಯ ಊಟ ಮಾತ್ರ ಕಾಣುತ್ತದೆ. ಒಂದು ವರ್ಷದ ಊಟ ಬೇಕಾದರೆ ಮೈಯನ್ನೇ ಕೇಳಬೇಕು. ಇಂಗಾಲದಲ್ಲೂ ಸಾರಜನಕದಲ್ಲೂ ಹಗುರ, ಭಾರ ಎಂದು ಎರಡು ಬಗೆಯ ಕಣಗಳಿವೆ. ಎರಡೂ ಕೆಡದೆ ಹಾಗೇ ಉಳಿಯುವಂಥವು, ಅದಕ್ಕೇ ಸ್ಥಿರ ಐಸೊಟೋಪ್ ಎನ್ನುತ್ತಾರೆ. ಇಂಗಾಲದ ಲೆಕ್ಕ ಯಾವ ಗಿಡದ ಆಹಾರ ಎಂದು ಹೇಳುತ್ತದೆ. ಸಾರಜನಕದ ಲೆಕ್ಕ ಸೊಪ್ಪು ತಿಂದಿದೆಯೋ ಮಾಂಸ ತಿಂದಿದೆಯೋ ಹೇಳುತ್ತದೆ, ಏಕೆಂದರೆ ಒಂದನ್ನೊಂದು ತಿನ್ನುತ್ತ ಹೋದಂತೆ ಭಾರದ ಕಣ ಹೆಚ್ಚುತ್ತದೆ. ಸ್ನಾಯುವನ್ನು ಒಣಗಿಸಿ, ಅರೆದು, ಒಂದು ಮಿಲಿಗ್ರಾಂ ಪುಡಿಯನ್ನು ತವರದ ಪುಟ್ಟ ಬಟ್ಟಲಿಗೆ ಹಾಕಿ ಮಡಚಿ ಯಂತ್ರಕ್ಕೆ ಕೊಡುತ್ತೇವೆ. ಅಪ್ಪ ಶಿರಾದ ಮಂಡಿಯಲ್ಲಿ ಕಡಲೆಕಾಯಿ ಮೂಟೆ ತೂಗುತ್ತಾನೆ. "ಒಂದ್ ಮಿಲಿಗ್ರಾಂ ತೂಗಾಕೆ ಅಷ್ಟ್ ದೂರ ಹೋಗ್ಬೇಕಿತ್ತೇನಮ್ಮ?" ಎಂದು ಈಗಲೂ ನಗುತ್ತಾನೆ.

ಮೊದಲ ಚಳಿಗಾಲ ಒಂದು ಮನೆಯ ನೆಲಮಾಳಿಗೆಯ ಕೋಣೆಯಲ್ಲಿದ್ದೆ. ಮನೆಯ ಯಜಮಾನಿ ಒಳ್ಳೆಯವಳೇ, ಆದರೆ ವಾರಕ್ಕೆರಡು ಮಾತು. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರು ಪಾವಗಡ ಬರುವುದರೊಳಗೆ ನಮ್ಮ ಜಾತಿ, ಸಂಬಳ, ಮದುವೆ ಎಲ್ಲ ಕೇಳಿ, ಅರ್ಧ ತೆಲುಗಿನಲ್ಲಿ ಬುದ್ಧಿಯನ್ನೂ ಹೇಳಿ ಮುಗಿಸಿರುತ್ತಾರೆ. ಇಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಬರುತ್ತಾರೆ. ಮಂಜುಗಡ್ಡೆಯ ಮೇಲೆ ಜಾರದೆ ನಡೆಯುವುದನ್ನು ಕಲಿತ ದಿನ ಯಾರಿಗಾದರೂ ಹೇಳಬೇಕೆನಿಸಿ, ಯಾರೂ ಸಿಗದೆ, ಅಂಗಡಿಯ ಗಲ್ಲಾದವಳಿಗೆ ಹೇಳಿದೆ. ಅವಳು ಚೀಲ ಬೇಕೇ ಎಂದು ಕೇಳಿದಳು.

ಮಧ್ಯಾಹ್ನ ಎಲ್ಲರೂ 'ಮಾತ್‌ಪಾಕ್ಕೆ' ಬಿಚ್ಚುತ್ತಾರೆ. ಮನೆಯಿಂದ ತಂದ ತಣ್ಣಗಿನ ಬ್ರೆಡ್ಡಿನ ಬುತ್ತಿ ಅದು. ನನ್ನದರಲ್ಲಿ ದಿನವೂ ಬ್ರೆಡ್ಡು, ಜಾಮು. ಜನವರಿಯಲ್ಲಿ ನನಗೆ ಜ್ವರ ಬಂತು. ಮೂರನೆಯ ದಿನ ಸೀಗ್ರಿಡ್ ಒಂದು ಡಬ್ಬಿ ಮೀನಿನ ಸಾರು ಹಿಡಿದು ನನ್ನ ಕೋಣೆಗೆ ಬಂದಳು. ನಾನು ತಿನ್ನುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಈ ಊರಲ್ಲಿ ನನ್ನ ಬಾಗಿಲು ತಟ್ಟಿದ ಮೊದಲ ವ್ಯಕ್ತಿ ಅವಳು. ತಿಂದೆ. ಇಷ್ಟಕ್ಕೇ ನಿಂತಿದ್ದರೆ ದಾಕ್ಷಿಣ್ಯ ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅದು ರುಚಿಯಾಗಿತ್ತು. ಮುಂದಿನ ವಾರ ನಾನೇ ಅಂಗಡಿಗೆ ಹೋಗಿ ಕಾಡ್ ಮೀನು ಕೊಂಡೆ. ಆ ದಿನ ಕೊರಳಿಂದ ಲಿಂಗ ತೆಗೆದು ಉಲ್ಲನ್ ಕಾಲುಚೀಲವೊಂದರಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಕಾಲುಚೀಲ ಹೊಸದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಮ್ಮ ದಿನವೂ ವಿಡಿಯೊ ಕರೆ ಮಾಡುತ್ತಾಳೆ. ಅವಳ ಮೊದಲ ಪ್ರಶ್ನೆ ಒಂದೇ, "ಏನ್ ಉಂಡೆ ಕಣಮ್ಮ?" ದಿನವಿಡೀ ಕಡಲಮುಳ್ಳಿಗಳು ಏನು ಉಂಡವು ಎಂದು ಹುಡುಕಿ ಬಂದವಳು ನಾನು ಏನು ಉಂಡೆ ಎನ್ನುವುದಕ್ಕೆ, "ಅನ್ನ, ತಿಳಿಸಾರು" ಎಂದು ಸುಳ್ಳು ಹೇಳುತ್ತಿದ್ದೆ. ಅಮ್ಮ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಬಿಟ್ಟುಕೊಳ್ಳುವವಳಲ್ಲ. ಅವಳಿಗೆ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ. ಮಕ್ಕಳಿಗೆ ಮೊಟ್ಟೆ ಕೊಡುವುದು ಶುರುವಾದಾಗ ಅವಳೇ ಬೇಯಿಸಿ ಸುಲಿಯಬೇಕಾಯಿತು. ಕೆಲಸ ಬಿಡಲಿಲ್ಲ. "ಮಕ್ಳು ತಿನ್ನೋದು, ನಂದೇನೈತೆ" ಎಂದಳು. ಮೊಟ್ಟೆ ಸುಲಿದ ದಿನ ಮನೆಗೆ ಬಂದವಳು ಯಾರನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳುತ್ತಾಳೆ.

ಕಳೆದ ವರ್ಷ ನಮ್ಮ ಪ್ರೊಫೆಸರ್ ಹೊಸ ವಿದ್ಯಾರ್ಥಿಗಳಿಗೆ ಪಾಠ ಮಾಡಲು ಒಂದು ಉಪಾಯ ಹೂಡಿದರು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಪ್ರಯೋಗಾಲಯದಲ್ಲಿ ಸೊಂಟದ ತನಕ ಕೂದಲಿರುವವಳು ನಾನೊಬ್ಬಳೇ. ನನ್ನ ಕೆಲವು ಎಳೆಗಳನ್ನು ತುಂಡು ತುಂಡು ಮಾಡಿ ಯಂತ್ರಕ್ಕೆ ಹಾಕಿದರೆ ನಾಲ್ಕೈದು ವರ್ಷದ ಊಟದ ಚರಿತ್ರೆ ಸಿಗುತ್ತದೆ. ಮೊದಲು ನಾನು ಏನೇನು ತಿಂದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಡಬೇಕು, ಆಮೇಲೆ ಯಂತ್ರ ಹೇಳಿದ್ದಕ್ಕೂ ಅದಕ್ಕೂ ತಾಳೆ ನೋಡುವುದು.

ಇಲ್ಲಿ ಬಂದಮೇಲಿನದನ್ನು ಸರಿಯಾಗಿಯೇ ಬರೆದೆ: ಬ್ರೆಡ್ಡು, ಆಲೂಗಡ್ಡೆ, ಮೀನು. ಊರಿನ ಕಾಲಕ್ಕೆ ಬಂದಾಗ ಪೆನ್ನು ನಿಂತಿತು. ಕರಾವಳಿಯ ಹಾಸ್ಟೆಲ್ಲಿನ ಹುಡುಗಿಯರು ನೆನಪಾದರು. ನಾನು ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗುವುದನ್ನು ನಟಿಸಿ ತೋರಿಸಿ, ಕಣ್ಣು ಮೇಲೆ ಮಾಡಿ ಗಂಟಲು ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಆವತ್ತಿನಿಂದ ಯಾರು ಕೇಳಿದರೂ ನಮ್ಮ ಮನೆಯಲ್ಲಿ ಅನ್ನವೇ ಎನ್ನುವುದು ಅಭ್ಯಾಸವಾಗಿತ್ತು. ಅಮ್ಮ ಕಳಿಸುತ್ತಿದ್ದ ರಾಗಿ ಹುರಿಹಿಟ್ಟನ್ನು ಬಾಗಿಲ ಚಿಲಕ ಹಾಕಿ ಕಲಸಿಕೊಳ್ಳುತ್ತಿದ್ದೆ. ರಾಗಿ ಎಂದರೆ ಏನೆಂದೇ ತಿಳಿಯದ, ನಗುವವರೇ ಇಲ್ಲದ ಟ್ರೋಮ್ಸೊದಲ್ಲೂ ಕೈ ತಾನಾಗಿ ಬರೆಯಿತು: ಅನ್ನ, ಗೋಧಿ, ಬೇಳೆ, ತರಕಾರಿ, ಹಾಲು.

ಎರಡು ವಾರದ ನಂತರ ಗೋಡೆಯ ಪರದೆಯ ಮೇಲೆ ನನ್ನ ಕೂದಲಿನ ಲೆಕ್ಕದ ಗೆರೆ ಮೂಡಿತು. ತಲೆಯ ಹತ್ತಿರದ ತುದಿಯಲ್ಲಿ ಸಾರಜನಕ ಏರಿತ್ತು, ಮೀನು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಕೆಳಗಿನ ತುದಿ ಬಂದಾಗ ಪ್ರೊಫೆಸರ್ ತಲೆ ಕೆರೆದುಕೊಂಡರು. ಸಾರಜನಕ ಸಸ್ಯಾಹಾರಿಯದೇ, ಆದರೆ ಇಂಗಾಲ ವಿಪರೀತ ಭಾರ. ಅಕ್ಕಿ ಗೋಧಿ ತಿಂದವರಿಗೆ ಹಾಗೆ ಬರಲು ಸಾಧ್ಯವೇ ಇಲ್ಲ. "ಎಲ್ಲೋ ತೂಕದಲ್ಲಿ ತಪ್ಪಾಗಿದೆ. ಸೀಗ್ರಿಡ್, ಮತ್ತೆ ಮಾಡೋಣ" ಎಂದರು. ಜೋಳ, ಕಬ್ಬು, ರಾಗಿ ಇವುಗಳ ಇಂಗಾಲ ಭಾರ ಎಂದು ನಾನು ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಆದರೂ ಸುಮ್ಮನಿದ್ದೆ. ಸೀಗ್ರಿಡ್ ಎರಡು ದಿನ ಕೂತು ನನ್ನ ಕೂದಲನ್ನು ಮತ್ತೆ ಕತ್ತರಿಸಿ, ಮತ್ತೆ ತೂಗಿ, ತನ್ನ ಕೈ ಈಗ ನಡುಗುತ್ತದೆಯೇನೋ ಎಂದು ನನ್ನನ್ನೇ ಕೇಳಿದಳು. ಎರಡನೆಯ ಸಲವೂ ಗೆರೆ ಅಲ್ಲಿಗೇ ಬಂತು. ಆಗ ರಾಗಿಯ ವಿಷಯ ಹೇಳಿದೆ. ಅವಳು ಬೈಯಲಿಲ್ಲ, "ಅದನ್ನು ಬಚ್ಚಿಡುವಂಥದ್ದು ಏನಿತ್ತು?" ಎಂದಳು. ಎರಡು ದಿನ ಆ ಮುದುಕಿ ತನ್ನ ಕೈಯನ್ನೇ ಅನುಮಾನಿಸಿದಳಲ್ಲ, ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಇಲ್ಲಿಯ ಬೇಸಿಗೆಯಲ್ಲಿ, ಜುಲೈ ತಿಂಗಳು, ರಜೆ ಹಾಕಿ ಊರಿಗೆ ಹೋದೆ. ಬೆಂಗಳೂರಲ್ಲಿ ಇಳಿದು, ವಿಮಾನ ನಿಲ್ದಾಣದ ಶೌಚಾಲಯದ ಹೊರಗಿನ ಕನ್ನಡಿಯ ಮುಂದೆ, ಕಾಲುಚೀಲ ಬಿಚ್ಚಿ ಲಿಂಗ ಕಟ್ಟಿಕೊಂಡೆ. ಯಾರೂ ನೋಡಲಿಲ್ಲ. ಮಧುಗಿರಿಯಲ್ಲಿ ಬಸ್ಸು ಬದಲಿಸಿ, ಮಿಡಿಗೇಶಿ ಬೆಟ್ಟ ಕಂಡಾಗ ಅಳು ಬಂತು. ಅಮ್ಮ ಮೊದಲ ಊಟವನ್ನು ನನ್ನ ತಟ್ಟೆಯಲ್ಲೇ ಬಡಿಸಿದಳು: ಮುದ್ದೆ, ಹುರುಳಿ ಬಸ್ಸಾರು. ಆ ತಟ್ಟೆಗೊಂದು ಕತೆಯಿದೆ. ಬಾಚಿ ಉದುರಿದ ನಮ್ಮಿಬ್ಬರ ಕೂದಲನ್ನು ಅಮ್ಮ ಉಂಡೆ ಮಾಡಿ ಗೋಡೆಯ ಗೂಡಿನಲ್ಲಿ ಸೇರಿಸಿಡುತ್ತಿದ್ದಳು. ಕೂದಲಿಗೆ ಪಾತ್ರೆ ಕೊಡುವವನು ಬಂದಾಗ ಅಷ್ಟನ್ನೂ ಹಾಕಿ, ಅರ್ಧ ಗಂಟೆ ಜಗಳವಾಡಿ, ಆ ಸ್ಟೀಲ್ ತಟ್ಟೆ ಪಡೆದಿದ್ದಳು. ಮಧುಗಿರಿಗೆ ಒಯ್ದು ಅಂಚಿನಲ್ಲಿ ನನ್ನ ಹೆಸರು ಕೊರೆಸಿದ್ದಳು. ಆಗ ನಾನು ಏಳನೇ ಕ್ಲಾಸು.

ಭಾನುವಾರ ಜಗಲಿಯ ಮೇಲೆ ಕೂರಿಸಿಕೊಂಡು ಹರಳೆಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು.

"ನಮ್ ಹೆಡ್ಮೇಷ್ಟ್ರು ಕೇಳ್ತಾರೆ ಕಣೆ, ನಿನ್ ಮಗ್ಳು ಅಲ್ಲಿ ಏನ್ ಮಾಡ್ತಾಳೆ ಅಂತ. ನಂಗೂ ಅರ್ಥ ಆಗೋ ಅಂಗೆ ಹೇಳು."

ಹೇಳಿದೆ. ಕಡಲಮುಳ್ಳಿಯಿಂದ ಶುರುಮಾಡಿ ಕೂದಲಿನ ತನಕ ಬಂದೆ. ವಿವರಿಸುವ ಉತ್ಸಾಹದಲ್ಲಿ, ತಿಂದದ್ದೆಲ್ಲ ಕೂದಲಿನಲ್ಲಿ ಸಾಲಾಗಿ ಉಳಿದಿರುತ್ತದೆ ಎಂದುಬಿಟ್ಟೆ.

"ಅಂಗಾದ್ರೆ ನಿನ್ ಕೂದ್ಲಾಗೆ ಏನೈತೆ?"

ನಗುತ್ತಲೇ ಕೇಳಿದ್ದಳು. ಅನ್ನ, ತಿಳಿಸಾರು ಎನ್ನುವುದಕ್ಕೆ ಒಂದು ಕ್ಷಣವೂ ಬೇಕಿರಲಿಲ್ಲ. ಆದರೆ ಅವಳ ಕೈಯಲ್ಲೇ ಇತ್ತು ಕೂದಲು. ನಾನು ಹಿಂದಕ್ಕೆ ಕೈ ಹಾಕಿ ಕುತ್ತಿಗೆಯ ಹತ್ತಿರ ಹಿಡಿದು, "ಇಲ್ಲಿಂದ ಕೆಳಗೆ ರಾಗಿ ಅಮ್ಮ" ಎಂದೆ. "ಮೇಲಕ್ಕೆ?" ಎಂದಳು. "ಮೀನು" ಎಂದೆ.

ಬಾಚಣಿಗೆ ನಿಂತಿತು. ಬೀದಿಯಲ್ಲಿ ಪಾವಗಡದ ಬಸ್ಸು ಹೋಯಿತು. ಒಂದು ಹೇಳಿದ ಮೇಲೆ ಇನ್ನೊಂದನ್ನು ಉಳಿಸಿಕೊಳ್ಳಲು ಆಗಲಿಲ್ಲ. ಜ್ವರದ ದಿನದ ಮೀನಿನ ಸಾರನ್ನೂ, ಹಾಳೆಯಲ್ಲಿ ರಾಗಿ ಬರೆಯದೆ ಇದ್ದದ್ದನ್ನೂ, ಹಾಸ್ಟೆಲ್ಲಿನ ಚಿಲಕವನ್ನೂ, ಸೀಗ್ರಿಡ್ಡಳ ಎರಡು ದಿನವನ್ನೂ ಹೇಳಿದೆ. ಅಮ್ಮ ಬಾಚಣಿಗೆಯ ಹಲ್ಲಿಗೆ ಸಿಕ್ಕಿದ್ದ ಕೂದಲನ್ನು ಬಿಡಿಸಿದಳು.

"ಮೀನ್ ತಿಂದಿದ್ದು ನಂಗೆ ಸಂಕಟ ಆಗ್ಲಿಲ್ಲ ಅಂತ ಹೇಳಲ್ಲ. ಜ್ವರ ಬಂದಿತ್ತು, ಒಬ್ಳೇ ಇದ್ದೆ, ತಿಂದೆ, ಅದು ಬುಡು. ಶಿವ ನೋಡ್ಕಂತಾನೆ. ಆದ್ರೆ ರಾಗಿ ಯಾಕ್ ಮುಚ್ಚಿಟ್ಟೆ? ನಾನೇನ್ ಕದ್ದು ತಂದು ಉಣ್ಸಿದ್ನೇನೆ?"

ನನಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಮೀನಿಗೆ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದೆ, ರಾಗಿಗಲ್ಲ. ಅಮ್ಮ ಜಡೆಯನ್ನು ಅರ್ಧಕ್ಕೆ ಬಿಡಲಿಲ್ಲ. ಕೊನೆಯ ತನಕ ಬಿಗಿಯಾಗಿ ಹೆಣೆದು, ರಬ್ಬರು ಹಾಕಿ, ಉದುರಿದ ಕೂದಲನ್ನು ಉಂಡೆ ಮಾಡಿದಳು. ಗೂಡಿನ ತನಕ ಹೋದವಳು ಅಲ್ಲಿಡದೆ ಹೊರಗೆ ಹೋಗಿ ತಿಪ್ಪೆಗೆ ಹಾಕಿ ಬಂದಳು. ಆಮೇಲೆ ಬಚ್ಚಲಲ್ಲಿ ತಲೆಗೆ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಆವತ್ತು ಭಾನುವಾರ, ಶಾಲೆ ಇರಲಿಲ್ಲ, ಮೊಟ್ಟೆಯೂ ಇರಲಿಲ್ಲ.

ಉಳಿದ ಎಂಟು ದಿನ ಅವಳು ಎಲ್ಲ ಎಂದಿನಂತೆ ಮಾಡಿದಳು. ಮುದ್ದೆ ಕಟ್ಟಿದಳು, ಅಣ್ಣನ ಹೆಂಡತಿಯ ಜೊತೆ ನಗಾಡಿದಳು, ನನಗೆ ಇನ್ನೊಂದು ತುತ್ತು ಬಲವಂತ ಮಾಡಿದಳು. ನನ್ನ ತಲೆ ಮಾತ್ರ ಬಾಚಲಿಲ್ಲ. ನಾನೂ ಕೇಳಲಿಲ್ಲ.

ಹೊರಡುವ ಬೆಳಗ್ಗೆ ಪೆಟ್ಟಿಗೆ ಮುಚ್ಚುವಾಗ ಬಂದು, ನನ್ನ ಹೆಸರಿನ ತಟ್ಟೆಯನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಟ್ಟಳು. ಜೊತೆಗೆ ಐದು ಕಿಲೊ ರಾಗಿ ಹಿಟ್ಟು.

"ಇದ್ನ ಅಲ್ಲೇ ಇಟ್ಕೊ. ಏನ್ ತಿಂದ್ರೂ ಇದ್ರಾಗೇ ತಿನ್ನು" ಎಂದಳು.

ಟ್ರೋಮ್ಸೊಗೆ ಬಂದಮೇಲೆ ಮೊದಲ ಭಾನುವಾರ ಸೀಗ್ರಿಡ್ಡಳನ್ನು ಊಟಕ್ಕೆ ಕರೆದೆ. ಗಂಟು ಗಂಟಾದ ಮುದ್ದೆಯನ್ನು ಅವಳು ಜಗಿಯಲು ಹೋಗಿ ಹಲ್ಲಿಗೆ ಮೆತ್ತಿಕೊಂಡು ಒದ್ದಾಡಿದಳು. ನುಂಗಬೇಕು ಎಂದು ತೋರಿಸಿಕೊಟ್ಟೆ. ಪ್ರಯೋಗಾಲಯದಲ್ಲಿ ನನ್ನ ಊಟ ಬರೆದುಕೊಟ್ಟಿದ್ದ ಆ ಹಾಳೆಯನ್ನೂ ಮಾರನೆಯ ದಿನ ತಿದ್ದಿದೆ, ಎಲ್ಲಕ್ಕಿಂತ ಮೊದಲು ರಾಗಿ ಎಂದು ಬರೆದೆ. ಈಗ ಹಿಟ್ಟು ಮುಗಿದಿದೆ. ನನ್ನ ಕೂದಲಿನಲ್ಲೂ ರಾಗಿಯ ಭಾಗ ತಿಂಗಳಿಗೊಂದು ಸೆಂಟಿಮೀಟರ್ ಕೆಳಗಿಳಿಯುತ್ತಿದೆ, ಕತ್ತರಿಸಲು ಮನಸ್ಸು ಬರುತ್ತಿಲ್ಲ. ಮೀನು ಬೇಯಿಸಿದ ದಿನ ಪಿಂಗಾಣಿ ತಟ್ಟೆ ತೆಗೆದುಕೊಳ್ಳುತ್ತೇನೆ. ಸ್ಟೀಲ್ ತಟ್ಟೆ ಒಲೆಯ ಪಕ್ಕದ ಗೂಡಿನಲ್ಲಿ ನಿಂತಿದೆ. ಅಮ್ಮ ಅದನ್ನು ನನಗೆ ಕೊಟ್ಟಳೋ, ತನ್ನ ಅಡುಗೆಮನೆಯಿಂದ ಹೊರಗೆ ಕಳಿಸಿದಳೋ ಎಂದು ಫೋನಿನಲ್ಲಿ ದಿನವೂ ಕೇಳಬೇಕೆಂದುಕೊಳ್ಳುತ್ತೇನೆ. ಅಷ್ಟರಲ್ಲಿ ಅವಳೇ, "ಏನ್ ಉಂಡೆ ಕಣಮ್ಮ?" ಎನ್ನುತ್ತಾಳೆ. ಈಗ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅವಳು ಹೂಂ ಎನ್ನುತ್ತಾಳೆ.