ಕಾಕೂ ಮನೆಯ ಮೇಲಿನ ನೆಲ

ಖಾರಘರದ ನಮ್ಮ ಕಟ್ಟಡದಲ್ಲಿ ಯಾರಾದರೂ ಗೋಡೆ ಒಡೆಸಿದರೆ ಲಿಫ್ಟಿನ ತನಕ ಹಳೆಯ ಸುಣ್ಣದ ಒಣ ವಾಸನೆ ಹಬ್ಬುತ್ತದೆ. ಆಗ ನಾನು ಮೊದಲು ನೋಡುವುದು ನಮ್ಮ ಬಾಗಿಲು ತೆರೆಯುತ್ತದೆಯೇ ಎಂದು. ಆಮೇಲೆ ಕೋಪರಿಯ ದೊಡ್ಡಮ್ಮನ ಮನೆ ಕಣ್ಣ ಮುಂದೆ ಬರುತ್ತದೆ. ಅಮ್ಮ ನೌಕರಿಗೆ ಹೋಗುತ್ತಿದ್ದುದರಿಂದ ನಾನು ಬೆಳೆದದ್ದೆಲ್ಲ ಎರಡನೇ ಮಹಡಿಯ ಆ ಮನೆಯಲ್ಲೇ. ಉಡುಪಿ ಕಡೆಯಿಂದ ಬಂದಿದ್ದ ದೊಡ್ಡಮ್ಮ ಬೆಳಿಗ್ಗೆ ಭರತನಾಟ್ಯ ಕಲಿಸುತ್ತಿದ್ದರು, ಮಧ್ಯಾಹ್ನ ಉಪನಿಷತ್ತು ಬಿಡಿಸಿ ಕೂರುತ್ತಿದ್ದರು, ಸಂಜೆ ದೀಪ ಹಚ್ಚುವವರೆಗೆ ಕತೆ ಬರೆಯುತ್ತಿದ್ದರು. ಎಲ್ಲಕ್ಕೂ ಒಂದೇ ಕಪಾಟು. ಗೆಜ್ಜೆಯ ಹಿತ್ತಾಳೆ ವಾಸನೆ ಉಪನಿಷತ್ತಿನ ಹಾಳೆಗಳಿಗೂ ಹತ್ತಿತ್ತು.

ತುಳಿಯುವ ಮುನ್ನ ಭೂಮಿಯ ಕ್ಷಮೆ ಕೇಳುವುದು ನಾಟ್ಯದ ಪದ್ಧತಿ. "ನಮ್ಮ ಕಾಲಡಿಗೆ ಭೂಮಿ ಎಲ್ಲುಂಟು ಮಾರಾಯ್ತಿ? ಕಾಕೂನ ಅಡಿಗೆಮನೆ ಇರುವುದು. ಅವರ ಹತ್ರವೇ ಕೇಳ್ಬೇಕು" ಎಂದು ದೊಡ್ಡಮ್ಮ ದಿನಾ ಒಬ್ಬ ಹುಡುಗಿಯನ್ನು ಕೆಳಗೆ ಕಳಿಸುತ್ತಿದ್ದರು. ಕೆಳಗಿನ ಮನೆಯ ಮರಾಠಿ ಕಾಕೂ "ನಾಚಾ ಗ, ಪಣ್ ಹಳೂ! ಆಮಟೀತ್ ಚುನಾ ಪಡತೋ" ಎಂದು, ಅಂದರೆ ಮೆಲ್ಲಗೆ ಕುಣಿಯಿರಿ ಎಂದು, ನಗುತ್ತ ಒಲೆ ಆರಿಸಿ, ಪಾಠ ಮುಗಿಯುವವರೆಗೆ ಹೊರಕೋಣೆಯಲ್ಲಿ ಕೂರುತ್ತಿದ್ದರು. ಸಾರಿಗೆ ಸುಣ್ಣ ಉದುರುವುದು ನಮಗೆಲ್ಲ ತಮಾಷೆ.

ಆ ದಿನ ಸರದಿ ನನ್ನದು. ಹೊಸ ಗೆಜ್ಜೆ ಕಟ್ಟಿಕೊಂಡಾಗಿತ್ತು, ಅದನ್ನು ಕಟ್ಟಿ ಬೇರೆ ಮನೆಗೆ ಹೋಗುವಂತಿಲ್ಲ, ಬಿಚ್ಚಲು ಮನಸ್ಸಾಗಲಿಲ್ಲ. ಮೆಟ್ಟಿಲ ತಿರುವಿನವರೆಗೆ ಹೋಗಿ ನಿಂತು ಬಂದೆ. "ಹೇಳಿ ಬಂದ್ಯಾ ಮಗಾ?" ಎಂದು ದೊಡ್ಡಮ್ಮ ಕೇಳಿದಾಗ ಹೂಂ ಎಂದೆ. ಎರಡನೇ ಅಡವು ಮುಗಿದಿರಲಿಲ್ಲ, ಕೋಣೆಯ ನಡುವಿನ ನೆಲವೇ ಕುಸಿದು ಕೆಳಗೆ ಹೋಯಿತು. ಚೌಕಟ್ಟು ಸೊಟ್ಟಗಾಗಿ ಬಾಗಿಲು ಬಿಗಿದುಕೊಂಡಿತು. ಏಳು ಹುಡುಗಿಯರು ಗೋಡೆಗೆ ಬೆನ್ನು ಹಚ್ಚಿ ನಿಂತೆವು. ಯಾರಾದರೂ ನಡುಗಿದರೂ ಗೆಜ್ಜೆ ಸದ್ದು ಮಾಡುತ್ತಿತ್ತು. "ಅಲ್ಲಾಡ್ಬೇಡಿ ಮಕ್ಕಳೇ. ಕಾಕೂ ಹೊರಗಿದ್ದಾರಲ್ಲ, ಅದೊಂದು ಪುಣ್ಯ" ಎಂದ ದೊಡ್ಡಮ್ಮ, ಬೀದಿಯಲ್ಲಿ ಸೇರಿದ್ದ ಜನರಿಗೂ ಕಿಟಕಿಯಿಂದ ಹಾಗೆಯೇ ಕೂಗಿ ಹೇಳಿದರು. ಕಾಕೂಗೆ ಯಾರೂ ಹೇಳಿಲ್ಲವೆಂದು ಗೊತ್ತಿದ್ದ ನಾನು ಗೋಡೆಗೆ ಇನ್ನಷ್ಟು ಒತ್ತಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಧೂಳು ತುಂಬಿದ ಹೊಂಡದಿಂದ ಒಂದು ನರಳಿಕೆ ಕೇಳಿತು. ಅಗ್ನಿಶಾಮಕದವರು ಕಿಟಕಿಯ ಸರಳು ಕತ್ತರಿಸಿ ನಮ್ಮನ್ನು ಇಳಿಸಿದರು. ನಾನು ಇಂದಿಗೂ ಆ ಗೋಡೆಗೆ ಆತುಕೊಂಡೇ ಇದ್ದೇನೆ.

ನೆಲದೊಳಗಿನ ಕಬ್ಬಿಣದ ಸರಳನ್ನು ತುಕ್ಕು ತಿಂದಿತ್ತು, ಕಟ್ಟಡ ಎಂದಾದರೂ ಬೀಳುವುದೇ ಇತ್ತು ಎಂದರು. ನಿಜವಿರಬಹುದು. ಆದರೆ ಕಾಕೂ ಮತ್ತೆ ನಡೆಯಲಿಲ್ಲ. ಆಸ್ಪತ್ರೆಯಲ್ಲಿ ದೊಡ್ಡಮ್ಮ, "ಹುಡುಗಿ ಬಂದು ಹೇಳ್ಲಿಲ್ವಾ ಕಾಕೂ?" ಎಂದು ಕೇಳಿದಾಗ, ಅವರು ಬಾಗಿಲಲ್ಲಿ ನಿಂತಿದ್ದ ನನ್ನನ್ನು ತುಂಬ ಹೊತ್ತು ನೋಡಿದರು. "ಆಲೀ ಹೋತೀ. ಮೀಚ್ ವಿಸರಲೇ" ಎಂದರು. ಬಂದಿದ್ದಳು, ಮರೆತದ್ದು ನಾನೇ ಎಂದು.

ದೊಡ್ಡಮ್ಮ ಮತ್ತೆ ಗೆಜ್ಜೆ ಕಟ್ಟಲಿಲ್ಲ. ಡೊಂಬಿವಲಿಯ ಬಾಡಿಗೆ ಮನೆಯಲ್ಲಿ ಕೂತಲ್ಲೇ ಅಭಿನಯವನ್ನಷ್ಟೇ ಕಲಿಸಿದರು. ನಿಜ ಹೇಳಬೇಕೆಂದು ಹೋದಾಗಲೆಲ್ಲ ಚಹಾ ಕುಡಿದು ಬಂದೆ. ಈಗ ಇಬ್ಬರೂ ಇಲ್ಲ. ದೊಡ್ಡಮ್ಮನ ಕೊನೆಯ ಕತೆಯಲ್ಲಿ ಮರೆಗುಳಿ ಮುದುಕಿಯೊಬ್ಬಳು ಬರುತ್ತಾಳೆ. ಓದಿದವರೆಲ್ಲ ಅವಳನ್ನು ನೆನೆದು ನಗುತ್ತಾರೆ. ಕಾಕೂ ಏನನ್ನೂ ಮರೆಯುವವರಾಗಿರಲಿಲ್ಲ.